ಇಂಗ್ಲಿಷ್ ಪರೀಕ್ಷೆ: ಶುಲ್ಕ ಕಟ್ಟುವ ಮುನ್ನ

ಹೋದ ವರ್ಷ ಆಗಸ್ಟ್ ತಿಂಗಳ ಒಂದು ಸಂಜೆ ನನ್ನ ಐಇಎಲ್‌ಟಿಎಸ್ ಫಲಿತಾಂಶ ಬಂತು. ಕೇಳುವುದರಲ್ಲಿ 7.5, ಓದುವುದರಲ್ಲಿ 7, ಬರೆಯುವುದರಲ್ಲಿ 5.5, ಮಾತಿನಲ್ಲಿ 6. ಒಟ್ಟು 6.5. ರಾಣೆಬೆನ್ನೂರಿನ ಹತ್ತಿರದ ನಮ್ಮೂರಿಗೆ ಫೋನ್ ಮಾಡಿದೆ.

‘ಪಾಸಾದೇನು?’ ಅಂದ ಅಪ್ಪ.

‘ಇದ್ರಾಗ ಪಾಸು ಫೇಲು ಅಂತ ಇಲ್ಲಪ್ಪ.’

‘ಮತ್ತ ಹದಿನೆಂಟು ಸಾವಿರ ಯಾತಕ್ಕ ಕಟ್ಟಿದಿ?’

ಅಪ್ಪನ ಪ್ರಶ್ನೆಗೆ ಆ ಹೊತ್ತಿನಲ್ಲಿ ನನ್ನ ಬಳಿ ಉತ್ತರವಿರಲಿಲ್ಲ. ನಾನು ಸೇರಬೇಕೆಂದಿದ್ದ ಬ್ರಿಟನ್ನಿನ ಎಂಎಸ್ಸಿ ಕೋರ್ಸು 6.5 ಕೇಳಿತ್ತು, ಅದು ಬಂದಿತ್ತು. ಆದರೆ ಅದರ ಕೆಳಗೇ ಇನ್ನೊಂದು ಸಾಲಿತ್ತು: ಯಾವ ವಿಭಾಗದಲ್ಲೂ 6ಕ್ಕಿಂತ ಕಡಿಮೆ ಇರುವಂತಿಲ್ಲ. ಆ ಸಾಲನ್ನು ನಾನು ಓದಿರಲಿಲ್ಲ. ಕೋಚಿಂಗ್ ಕೇಂದ್ರದವರೂ ಹೇಳಿರಲಿಲ್ಲ. ಫಲಿತಾಂಶ ತೋರಿಸಿದಾಗ ಅವರು ಹೇಳಿದ್ದು ಇಷ್ಟೇ: ‘ಇನ್ನೊಂದು ಸಲ ಬರೀರಿ, ಬರುತ್ತೆ. ಇಲ್ಲಾಂದ್ರೆ ಪಿಟಿಇಗೆ ಸೇರ್ಕೊಳಿ, ಅದು ಈಜಿ.’ ಇನ್ನೊಂದು ಸಲ ಅಂದರೆ ಇನ್ನೊಂದು ಹದಿನೆಂಟು ಸಾವಿರ. ಬೆಂಗಳೂರಿನ ನನ್ನ ಮೊದಲ ಕೆಲಸದಲ್ಲಿ ಪಿ.ಜಿ. ಬಾಡಿಗೆ ಕಳೆದು ಉಳಿಯುತ್ತಿದ್ದುದು ಅದಕ್ಕಿಂತ ಕಡಿಮೆ.

ಅಂದಿನಿಂದ ಈ ಪರೀಕ್ಷೆಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಮೊದಲು ಓದಿ ಆಮೇಲೆ ಶುಲ್ಕ ಕಟ್ಟಬೇಕಿತ್ತು, ನಾನು ಮಾಡಿದ್ದು ತಿರುಗುಮುರುಗು. ನನ್ನ ಹಾಗೆ ‘ಯಾವ ಪರೀಕ್ಷೆ ಸುಲಭ?’ ಎಂದು ಕೇಳಿಕೊಂಡು ತಿರುಗುತ್ತಿರುವವರು ನಮ್ಮ ಕಾಲೇಜುಗಳಲ್ಲಿ ಬಹಳ ಇದ್ದಾರೆ. ಯಾವ ಕೋರ್ಸು, ಯಾವ ದೇಶ ಎಂದು ಗೊತ್ತಿಲ್ಲದೆ ಈ ಪ್ರಶ್ನೆಗೆ ಉತ್ತರವೇ ಇಲ್ಲ. ನಾನು ಅದನ್ನೇ ಕೇಳಿಕೊಂಡು ಆರು ತಿಂಗಳು ಕಳೆದೆ.

ಇಂಗ್ಲಿಷ್ ಸ್ಕೋರನ್ನು ಒಂದೇ ಕಡೆ ಕೇಳುವುದಿಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು. ವಿಶ್ವವಿದ್ಯಾಲಯ ಒಂದು ಕನಿಷ್ಠ ಮಿತಿ ಇಟ್ಟಿರುತ್ತದೆ. ಅದರೊಳಗಿನ ವಿಭಾಗ ಅದಕ್ಕಿಂತ ಹೆಚ್ಚು ಕೇಳಬಹುದು. ಎಂಜಿನಿಯರಿಂಗ್‌ಗೆ 6.5 ಸಾಕೆನ್ನುವ ವಿಶ್ವವಿದ್ಯಾಲಯವೇ ಕಾನೂನಿಗೋ ಪತ್ರಿಕೋದ್ಯಮಕ್ಕೋ 7 ಅಥವಾ 7.5 ಕೇಳುತ್ತದೆ. ಆಮೇಲೆ ವೀಸಾ ಕೊಡುವ ಸರ್ಕಾರ ಬರುತ್ತದೆ, ಅದರ ಪಟ್ಟಿಯೇ ಬೇರೆ. ಕೊನೆಗೆ, ಓದು ಮುಗಿಸಿ ಅಲ್ಲೇ ಕೆಲಸ ಹುಡುಕಲು ಪರವಾನಗಿ ಬೇಕೆಂದಾಗ ಮತ್ತೊಮ್ಮೆ ಸ್ಕೋರು ಕೇಳುವ ದೇಶಗಳಿವೆ. ಒಂದು ಕಡೆ ನಡೆದ ಪರೀಕ್ಷೆ ಇನ್ನೊಂದು ಕಡೆ ನಡೆಯಬೇಕೆಂದೇನಿಲ್ಲ.

ನನ್ನ ದೊಡ್ಡಪ್ಪನ ಮಗಳ ವಿಷಯದಲ್ಲಿ ಆಗಿದ್ದು ಇದೇ. ಅವಳು 2023ರಲ್ಲಿ ಕೆನಡಾಕ್ಕೆ ಹೋದಳು. ಆಗ ಕೆನಡಾ ಭಾರತವೂ ಸೇರಿದಂತೆ ಕೆಲವು ದೇಶಗಳ ವಿದ್ಯಾರ್ಥಿಗಳಿಗೆ ‘ಸ್ಟೂಡೆಂಟ್ ಡೈರೆಕ್ಟ್ ಸ್ಟ್ರೀಮ್’ ಎಂಬ ಬೇಗನೆ ಪರವಾನಗಿ ಸಿಗುವ ದಾರಿ ಇಟ್ಟಿತ್ತು. ಇಂಗ್ಲಿಷ್‌ಗೆ ಸಂಬಂಧಿಸಿದಂತೆ ಅದರಲ್ಲಿ ಬಹುಕಾಲ ಐಇಎಲ್‌ಟಿಎಸ್ ಒಂದೇ ನಡೆಯುತ್ತಿತ್ತು. 2023ರ ಆಗಸ್ಟ್ 10ರಿಂದ ಪಿಟಿಇ, ಟೋಫೆಲ್ ಮುಂತಾದವೂ ಸೇರಿದವು. ಪಂಜಾಬಿನ ಸಣ್ಣ ಊರುಗಳಲ್ಲೂ ಬೀದಿಗೊಂದು ಐಇಎಲ್‌ಟಿಎಸ್ ಕೋಚಿಂಗ್ ಹುಟ್ಟಿಕೊಂಡಿದ್ದಕ್ಕೆ, ಮದುವೆ ಜಾಹೀರಾತಿನಲ್ಲಿ ಹುಡುಗಿಯ ಬ್ಯಾಂಡ್ ಎಷ್ಟೆಂದು ಬರೆಯುವ ಕಾಲ ಬಂದಿದ್ದಕ್ಕೆ ಒಂದು ಕಾರಣ ಈ ದಾರಿ. 2024ರ ನವೆಂಬರ್ 8ರಂದು ಕೆನಡಾ ಅದನ್ನು ನಿಲ್ಲಿಸಿಬಿಟ್ಟಿತು. ಅದಕ್ಕೂ ಒಂದು ವಾರ ಮೊದಲು, ನವೆಂಬರ್ 1ರಿಂದ, ಇನ್ನೊಂದು ನಿಯಮ ಬಂದಿತ್ತು: ಓದು ಮುಗಿಸಿ ಕೆಲಸದ ಪರವಾನಗಿಗೆ ಅರ್ಜಿ ಹಾಕುವವರೂ ಇಂಗ್ಲಿಷ್ ಅಥವಾ ಫ್ರೆಂಚ್ ಸ್ಕೋರು ಕೊಡಬೇಕು. ವಿಶ್ವವಿದ್ಯಾಲಯದ ಪದವೀಧರರಿಗೆ ಆ ದೇಶದ ಅಳತೆಯಲ್ಲಿ 7ನೇ ಮಟ್ಟ. ಐಇಎಲ್‌ಟಿಎಸ್ ಲೆಕ್ಕದಲ್ಲಿ ಅದು ನಾಲ್ಕೂ ವಿಭಾಗಗಳಲ್ಲಿ 6.

ಅಕ್ಕನ ಹತ್ತಿರ 6.5 ಇತ್ತಲ್ಲ ಎಂದು ನಾವೆಲ್ಲ ಅಂದುಕೊಂಡೆವು. ಅವಳಲ್ಲಿ ಇದ್ದದ್ದು ‘ಅಕಾಡೆಮಿಕ್’. ಕೆಲಸದ ಪರವಾನಗಿಗೆ ಕೆನಡಾ ಒಪ್ಪುವುದು ಐಇಎಲ್‌ಟಿಎಸ್ ‘ಜನರಲ್ ಟ್ರೇನಿಂಗ್’, ಪಿಟಿಇಯಲ್ಲಾದರೆ ‘ಅಕಾಡೆಮಿಕ್’ ಅಲ್ಲದ ‘ಕೋರ್’, ಇಲ್ಲವೇ ಅಲ್ಲಿನದೇ ಆದ ‘ಸೆಲ್ಪಿಪ್ ಜನರಲ್’. ಅದೇ ದೇಶ, ಅದೇ ಹುಡುಗಿ, ಅದೇ ಸಂಸ್ಥೆಯ ಪರೀಕ್ಷೆ. ಹೆಸರಿನ ಕೊನೆಯ ಪದ ಮಾತ್ರ ಬೇರೆ. ಎರಡು ವರ್ಷ ಇಂಗ್ಲಿಷ್‌ನಲ್ಲೇ ಪಾಠ ಕೇಳಿ, ಇಂಗ್ಲಿಷ್‌ನಲ್ಲೇ ಪ್ರಬಂಧ ಬರೆದು ಪಾಸಾದ ಅಕ್ಕ, ತನಗೆ ಇಂಗ್ಲಿಷ್ ಬರುತ್ತದೆ ಎಂದು ತೋರಿಸಲು ಮತ್ತೆ ದುಡ್ಡು ಕಟ್ಟಿ ಕೂತಳು. ‘ಮೊದಲೇ ಗೊತ್ತಿದ್ರೆ ಕೊನೆ ಸೆಮಿಸ್ಟರ್‌ನಾಗ ಬರದು ಮುಗಸ್ತಿದ್ದೆ ತಮ್ಮಾ, ಅವಸರಕ್ಕ ಬೀಳೂದು ತಪ್ಪತಿತ್ತು’ ಅಂತ ಈಗಲೂ ಹೇಳುತ್ತಾಳೆ.

ಸರ್ಕಾರಗಳು ಇಷ್ಟು ಬಿಗಿಯಾಗಲು ಕಾರಣವಿದೆ. ಅದರ ಹಿಂದಿನ ಕಥೆ ಗೊತ್ತಿದ್ದರೆ ಇಂದಿನ ಎಷ್ಟೋ ನಿಯಮಗಳು ಅರ್ಥವಾಗುತ್ತವೆ. 2014ರ ಫೆಬ್ರುವರಿಯಲ್ಲಿ ಬಿಬಿಸಿಯ ‘ಪನೋರಮಾ’ ಕಾರ್ಯಕ್ರಮ ಬ್ರಿಟನ್ನಿನಲ್ಲಿ ನಡೆಯುತ್ತಿದ್ದ ಟೋಯಿಕ್ ಎಂಬ ಪರೀಕ್ಷೆಯ ವಂಚನೆಯನ್ನು ರಹಸ್ಯ ಕ್ಯಾಮೆರಾದಲ್ಲಿ ತೋರಿಸಿತು. ಅಭ್ಯರ್ಥಿಗಳ ಬದಲು ಬೇರೆಯವರು ಕೂತು ಮಾತನಾಡುತ್ತಿದ್ದರು, ಉತ್ತರಗಳನ್ನು ಓದಿ ಹೇಳಲಾಗುತ್ತಿತ್ತು. ಪರೀಕ್ಷೆಯ ಒಡೆತನ ಟೋಫೆಲ್ ನಡೆಸುವ ಅಮೆರಿಕದ ಇಟಿಎಸ್ ಸಂಸ್ಥೆಯದು. ಸರ್ಕಾರ ಕೇಳಿದಾಗ ಅದು ಹಳೆಯ ಧ್ವನಿಮುದ್ರಿಕೆಗಳನ್ನೆಲ್ಲ ಪರಿಶೀಲಿಸಿ, 2011ರಿಂದ 2014ರವರೆಗೆ ಬ್ರಿಟನ್ನಿನಲ್ಲಿ ನಡೆದ ಟೋಯಿಕ್ ಪರೀಕ್ಷೆಗಳಲ್ಲಿ ಶೇ 97ರಷ್ಟು ಅನುಮಾನಾಸ್ಪದ ಎಂದಿತು. ಶೇ 58 ಅಸಿಂಧು, ಶೇ 39 ಪ್ರಶ್ನಾರ್ಹ. ಅಂದರೆ ಪ್ರಾಮಾಣಿಕರು ನೂರಕ್ಕೆ ಮೂರೇ ಜನ! ಈ ಲೆಕ್ಕವನ್ನು ನಂಬಿ ಸರ್ಕಾರ ಸಾವಿರಾರು ವಿದ್ಯಾರ್ಥಿಗಳ ವೀಸಾ ರದ್ದು ಮಾಡಿತು, ಭಾರತೀಯರೂ ಅವರಲ್ಲಿದ್ದರು. ತಪ್ಪು ಮಾಡದವರೂ ಸಿಕ್ಕಿಬಿದ್ದಿರಬಹುದು ಎಂಬುದನ್ನು ಸರ್ಕಾರ ಸರಿಯಾಗಿ ನೋಡಲಿಲ್ಲ ಎಂದು 2019ರಲ್ಲಿ ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆಯೇ ಹೇಳಿತು. ಆ ಹೊತ್ತಿಗೆ ಅನೇಕರ ಐದು ವರ್ಷ ನ್ಯಾಯಾಲಯಗಳಲ್ಲಿ ಕಳೆದುಹೋಗಿತ್ತು. ಬ್ರಿಟನ್ ವೀಸಾ ಪಟ್ಟಿಯಿಂದ ಇಟಿಎಸ್‌ನ ಪರೀಕ್ಷೆಗಳು ಹೊರಬಿದ್ದದ್ದು ಆಗಲೇ. ‘ಟೋಫೆಲ್ ಬ್ರಿಟನ್‌ಗೆ ನಡೆಯಲ್ಲ’ ಎಂದು ಕೋಚಿಂಗ್‌ಗಳಲ್ಲಿ ಹೇಳುವ ಮಾತಿನ ಮೂಲ ಇದು.

ಆದರೆ ಆ ಮಾತು ಅರ್ಧ ಸತ್ಯ. ಪದವಿ ಮತ್ತು ಅದಕ್ಕೂ ಮೇಲಿನ ಕೋರ್ಸುಗಳಿಗೆ, ನಿಯಮ ಪಾಲನೆಯಲ್ಲಿ ಒಳ್ಳೆಯ ದಾಖಲೆಯಿರುವ ವಿಶ್ವವಿದ್ಯಾಲಯ ವಿದ್ಯಾರ್ಥಿಯ ಇಂಗ್ಲಿಷ್ ಮಟ್ಟವನ್ನು ತಾನೇ ಅಳೆದು ಪ್ರಮಾಣೀಕರಿಸಬಹುದು ಎಂದು ಬ್ರಿಟನ್ನಿನ ನಿಯಮವೇ ಹೇಳುತ್ತದೆ. ಹಾಗಾಗಿ ಟೋಫೆಲ್ ಒಪ್ಪುವ ವಿಶ್ವವಿದ್ಯಾಲಯಗಳು ಅಲ್ಲಿ ಇವೆ. ಸಾಮಾನ್ಯ ಐಇಎಲ್‌ಟಿಎಸ್ ಸಾಕೆನ್ನುವವು ಬಹಳ. ಆದರೂ ಹೆಚ್ಚು ಶುಲ್ಕದ ‘ಯುಕೆವಿಐ’ ಐಇಎಲ್‌ಟಿಎಸ್ಸನ್ನೇ ಎಂಎಸ್ಸಿಗೆ ಹೋಗುವವರ ಕೈಯಲ್ಲೂ ಬರೆಸುವ ಏಜೆಂಟರನ್ನು ನಾನು ನೋಡಿದ್ದೇನೆ. ಪ್ರಶ್ನೆಪತ್ರಿಕೆಯ ಸ್ವರೂಪ ಒಂದೇ, ಸರ್ಕಾರ ಒಪ್ಪಿದ ಕೇಂದ್ರದಲ್ಲಿ ನಡೆಯುತ್ತದೆ ಎಂಬುದಷ್ಟೇ ವ್ಯತ್ಯಾಸ. ಪದವಿಗಿಂತ ಕೆಳಗಿನ ಫೌಂಡೇಶನ್ ಕೋರ್ಸಿಗೆ ಹೋಗುವವರಿಗೆ ಅದು ಬೇಕಾಗುತ್ತದೆ.

ನಮ್ಮ ದೇಶದ ಕಡೆಯಿಂದಲೂ ಕಳಂಕ ತಂದವರಿದ್ದಾರೆ. 2022ರಲ್ಲಿ ಕೆನಡಾದಿಂದ ಅಮೆರಿಕಕ್ಕೆ ಅಕ್ರಮವಾಗಿ ದಾಟಲು ಹೋಗಿ ಮುಳುಗುತ್ತಿದ್ದ ದೋಣಿಯಿಂದ ಪಾರಾದ ಗುಜರಾತಿನ ಆರು ಯುವಕರು ಸಿಕ್ಕಿಬಿದ್ದರು. ಅಮೆರಿಕದ ನ್ಯಾಯಾಧೀಶರ ಮುಂದೆ ಅವರಿಗೆ ಇಂಗ್ಲಿಷ್‌ನಲ್ಲಿ ಉತ್ತರಿಸಲು ಆಗಲಿಲ್ಲ. ಕೈಯಲ್ಲಿದ್ದ ಐಇಎಲ್‌ಟಿಎಸ್ ಸ್ಕೋರು ಮಾತ್ರ 6.5ರಿಂದ 7! ಮೆಹ್ಸಾಣಾ ಪೊಲೀಸರು ತನಿಖೆ ನಡೆಸಬೇಕಾಯಿತು. ಇಂಥ ಪ್ರತಿ ಪ್ರಕರಣದ ಬಿಸಿ ತಟ್ಟುವುದು ಮುಂದಿನ ವರ್ಷ ಪ್ರಾಮಾಣಿಕವಾಗಿ ಅರ್ಜಿ ಹಾಕುವ ನಮ್ಮಂಥವರಿಗೆ.

ಆಸ್ಟ್ರೇಲಿಯಾದ ಉದಾಹರಣೆ ಇನ್ನೊಂದು ಬಗೆಯದು. 2023ರ ಜುಲೈ 26ರಂದು ಟೋಫೆಲ್ ತನ್ನ ಪರೀಕ್ಷೆಯನ್ನು ಮೂರು ಗಂಟೆಯಿಂದ ಎರಡು ಗಂಟೆಯೊಳಕ್ಕೆ ಇಳಿಸಿತು. ವಿದ್ಯಾರ್ಥಿಗಳಿಗೆ ಖುಷಿ. ಆದರೆ ಬದಲಾದ ಪರೀಕ್ಷೆಯನ್ನು ತಾವಿನ್ನೂ ಪರಿಶೀಲಿಸಬೇಕೆಂದು ಆಸ್ಟ್ರೇಲಿಯಾ ಸರ್ಕಾರ ಅದೇ ದಿನದಿಂದ ವೀಸಾಗಳಿಗೆ ಅದನ್ನು ಒಪ್ಪುವುದನ್ನು ನಿಲ್ಲಿಸಿತು. ಮತ್ತೆ ಒಪ್ಪಿದ್ದು 2024ರ ಮೇ 5ರಿಂದ. ನಡುವಿನ ಒಂಬತ್ತು ತಿಂಗಳಲ್ಲಿ ‘ಟೋಫೆಲ್ ಚಿಕ್ಕದಾಗಿದೆ, ಇದೇ ಸರಿ’ ಎಂದು ಬರೆದವರ ಪಾಡು ಯೋಚಿಸಿ. ಅದೇ ದೇಶ 2024ರ ಮಾರ್ಚ್ 23ರಿಂದ ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಐಇಎಲ್‌ಟಿಎಸ್ ಮಟ್ಟವನ್ನು 5.5ರಿಂದ 6ಕ್ಕೆ ಏರಿಸಿತು. ಓದು ಮುಗಿಸಿದವರ ತಾತ್ಕಾಲಿಕ ವೀಸಾಕ್ಕೆ 6ರಿಂದ 6.5ಕ್ಕೆ ಏರಿತು, ಅದಕ್ಕೆ ಸ್ಕೋರು ಒಂದು ವರ್ಷದ ಒಳಗಿನದೇ ಆಗಿರಬೇಕೆಂಬ ಷರತ್ತೂ ಬಂತು. ಮನೆಯಲ್ಲಿ ಕೂತು ಬರೆದ ಪರೀಕ್ಷೆಗಳಿಗಂತೂ ಆಸ್ಟ್ರೇಲಿಯಾ ವೀಸಾದಲ್ಲಿ ಜಾಗವೇ ಇಲ್ಲ.

ಹೀಗೆ ಪರೀಕ್ಷೆಗಳೂ ಬದಲಾಗುತ್ತವೆ, ನಿಯಮಗಳೂ ಬದಲಾಗುತ್ತವೆ. ಎರಡೂ ಒಟ್ಟಿಗೆ ಬದಲಾಗುವುದಿಲ್ಲ. ಈಗಲೂ ಅಂಥದೇ ಸಂಧಿಕಾಲ. 2026ರ ಜನವರಿ 21ರಿಂದ ಟೋಫೆಲ್ ಮತ್ತೊಮ್ಮೆ ರೂಪ ಬದಲಿಸಿದೆ. ಓದು ಮತ್ತು ಕೇಳುವ ಭಾಗಗಳಲ್ಲಿ ನೀವು ಹೇಗೆ ಉತ್ತರಿಸುತ್ತೀರೋ ಅದರ ಮೇಲೆ ಮುಂದಿನ ಪ್ರಶ್ನೆಗಳ ಕಷ್ಟ ನಿರ್ಧಾರವಾಗುತ್ತದೆ. 120ಕ್ಕೆ ಇಷ್ಟು ಎನ್ನುವ ಅಂಕದ ಬದಲು 1ರಿಂದ 6ರ ಮಾಪನ ಬಂದಿದೆ. ಕೆಲಕಾಲ ಹಳೆಯ ಅಂಕವೂ ಜತೆಗೆ ನಮೂದಾಗುತ್ತದೆ. ಹಳೆಯ ಪುಸ್ತಕ, ಹಳೆಯ ವಿಡಿಯೊ, ಸೀನಿಯರ್ ಕೊಟ್ಟ ನೋಟ್ಸ್ ಇಟ್ಟುಕೊಂಡು ತಯಾರಿ ನಡೆಸುವವರು ಇದನ್ನು ಗಮನಿಸಬೇಕು. ಪಿಟಿಇಯಲ್ಲೂ 2025ರ ಆಗಸ್ಟ್‌ನಿಂದ ಮಾತಿನ ಭಾಗಕ್ಕೆ ಎರಡು ಹೊಸ ಬಗೆಯ ಪ್ರಶ್ನೆಗಳು ಸೇರಿವೆ. ಒಂದು, ಗುಂಪು ಚರ್ಚೆಯನ್ನು ಕೇಳಿ ಸಾರ ಹೇಳುವುದು. ಇನ್ನೊಂದು, ಕೊಟ್ಟ ಸನ್ನಿವೇಶಕ್ಕೆ ತಕ್ಕಂತೆ ಮಾತನಾಡುವುದು.

ಈಗ ಪರೀಕ್ಷೆಗಳ ಒಳಗಿನ ವಿಷಯ. ನಾನು ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ನನ್ನಂಥವರು ಇಂಗ್ಲಿಷ್ ಮಾತನಾಡುವಾಗ ಒಂದು ಕ್ಷಣ ತಡೆಯುತ್ತೇವೆ. ವಾಕ್ಯ ಒಳಗೇ ಕಟ್ಟಿಕೊಂಡು ಆಮೇಲೆ ಬಾಯಿ ತೆರೆಯುತ್ತೇವೆ. ಐಇಎಲ್‌ಟಿಎಸ್‌ನಲ್ಲಿ ಎದುರಿಗೆ ಒಬ್ಬ ಮನುಷ್ಯ ಇರುತ್ತಾರೆ, 11ರಿಂದ 14 ನಿಮಿಷದ ಮಾತುಕತೆ. ನನ್ನ ಪರೀಕ್ಷಕಿ ನಾನು ತಡವರಿಸಿದಾಗ ಕಾದರು. ಪ್ರಶ್ನೆ ಕೇಳಿಸದಿದ್ದಾಗ ಇನ್ನೊಮ್ಮೆ ಕೇಳಿದೆ, ಹೇಳಿದರು. ಪಿಟಿಇಯಲ್ಲಿ ಎದುರಿಗಿರುವುದು ಮೈಕು. ಮೂರು ಸೆಕೆಂಡ್ ಮೌನ ಬಿದ್ದರೆ ಅದು ನಿಂತುಹೋಗುತ್ತದೆ, ಆ ಪ್ರಶ್ನೆ ಅಲ್ಲಿಗೆ ಮುಗಿಯಿತು. ಅದೇ ಕೋಣೆಯಲ್ಲಿ ಇತರರೂ ತಮ್ಮ ತಮ್ಮ ಮೈಕಿಗೆ ಗಟ್ಟಿಯಾಗಿ ಮಾತನಾಡುತ್ತಿರುತ್ತಾರೆ. ಮೌಲ್ಯಮಾಪನ ಬಹುಪಾಲು ಯಂತ್ರದ್ದು. ಕೆಲವು ಉತ್ತರಗಳನ್ನು ಈಚೆಗೆ ಮನುಷ್ಯರೂ ನೋಡುತ್ತಾರೆ. ತಡೆಯದೆ ಮಾತನಾಡುವವರಿಗೆ ಇದು ವರ. ಎದುರು ಕೂತವರ ಮುಖ ನೋಡಿದರೆ ಬೆವರುವವರಿಗೂ ವರವೇ. ನನ್ನ ರೂಮ್‌ಮೇಟ್ ಅಂಥವನು, ಅವನು ಪಿಟಿಇಯಲ್ಲಿ ಚೆನ್ನಾಗಿ ಮಾಡಿದ. ಹಾಗೆಂದು ನನಗೆ ಅದು ‘ಈಜಿ’ ಆಗುತ್ತಿರಲಿಲ್ಲ. ಎರಡೂ ಪರೀಕ್ಷೆಗಳ ಅಧಿಕೃತ ತಾಣಗಳಲ್ಲಿ ಉಚಿತ ಮಾದರಿ ಪ್ರಶ್ನೆಗಳಿವೆ. ಒಂದು ಭಾನುವಾರ ಕೂತು ಎರಡನ್ನೂ ಮಾಡಿ ನೋಡಿದ್ದರೆ ನನಗೇ ಗೊತ್ತಾಗುತ್ತಿತ್ತು. ಅದಕ್ಕೆ ಕೋಚಿಂಗ್‌ನ ‘ಕೌನ್ಸೆಲಿಂಗ್’ ಬೇಕಿರಲಿಲ್ಲ.

ನನ್ನ 5.5ರ ಕಥೆಯನ್ನೂ ಹೇಳಬೇಕು, ಏಕೆಂದರೆ ಬರವಣಿಗೆಯಲ್ಲೇ ಸಿಕ್ಕಿಕೊಳ್ಳುವವರು ಬಹಳ. ಬರವಣಿಗೆಗೆ ಒಂದು ಗಂಟೆ. ಮೊದಲು ಗ್ರಾಫ್ ನೋಡಿ 150 ಪದ, ಆಮೇಲೆ 250 ಪದಗಳ ಪ್ರಬಂಧ. ಎರಡನೆಯದಕ್ಕೆ ಮೊದಲನೆಯದರ ಎರಡು ಪಟ್ಟು ತೂಕ. ನಾನು ಎಂಜಿನಿಯರ್, ಗ್ರಾಫ್ ಕಂಡರೆ ಪ್ರೀತಿ. ಮೂವತ್ತೈದು ನಿಮಿಷ ಅದಕ್ಕೇ ಕೊಟ್ಟೆ. ಉಳಿದ ಹೊತ್ತಿನಲ್ಲಿ ಕೋಚಿಂಗ್‌ನಲ್ಲಿ ಬಾಯಿಪಾಠ ಮಾಡಿಸಿದ್ದ ವಾಕ್ಯಗಳನ್ನು ಪ್ರಬಂಧಕ್ಕೆ ಜೋಡಿಸಿದೆ. ನಮ್ಮ ಬ್ಯಾಚಿನ ನಲವತ್ತು ಜನರಿಗೂ ಅದೇ ಪೀಠಿಕೆ, ಅದೇ ‘ಒಂದೆಡೆ, ಇನ್ನೊಂದೆಡೆ’. ಇಂಥದ್ದನ್ನು ಪರೀಕ್ಷಕರು ಗುರುತಿಸುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ‘ಗಣರಾಜ್ಯೋತ್ಸವ’ದ ಪ್ರಬಂಧ ಬಾಯಿಪಾಠ ಮಾಡಿ ಬರೆದವರು ನಾವು, ಅಭ್ಯಾಸ ಬಿಡಲಿಲ್ಲ.

ಆ 5.5 ಮಾತ್ರ ಸರಿಪಡಿಸಿಕೊಳ್ಳಲು ದಾರಿ ಇತ್ತು ಎಂಬುದು ತಿಳಿಯುವಷ್ಟರಲ್ಲಿ ಅವಧಿ ಮುಗಿದಿತ್ತು. ಕಂಪ್ಯೂಟರ್‌ನಲ್ಲಿ ಐಇಎಲ್‌ಟಿಎಸ್ ಬರೆದವರು ಒಂದೇ ಒಂದು ವಿಭಾಗವನ್ನು ಮತ್ತೆ ಬರೆಯಬಹುದು. ‘ಒನ್ ಸ್ಕಿಲ್ ರಿಟೇಕ್’ ಎನ್ನುತ್ತಾರೆ, ಭಾರತದಲ್ಲಿ 2023ರಿಂದ ಇದೆ. ಮೊದಲ ಪರೀಕ್ಷೆಯಾಗಿ 60 ದಿನದೊಳಗೆ ಬರೆಯಬೇಕು, ಒಂದೇ ಅವಕಾಶ. ಎಲ್ಲ ವಿಶ್ವವಿದ್ಯಾಲಯಗಳೂ ಎಲ್ಲ ಸರ್ಕಾರಗಳೂ ಇದನ್ನು ಒಪ್ಪುವುದಿಲ್ಲ, ಕೇಳಿಕೊಂಡೇ ಮುಂದುವರಿಯಬೇಕು. ಪೂರ್ತಿ ಪರೀಕ್ಷೆ ಮತ್ತೆ ಬರೆಯಲು ಹೇಳಿದ ಕೋಚಿಂಗ್‌ನವರು ಇದರ ಹೆಸರನ್ನೇ ಎತ್ತಲಿಲ್ಲ. ಗೊತ್ತಿರಲಿಲ್ಲವೋ, ಹೇಳಲು ಮನಸ್ಸಿರಲಿಲ್ಲವೋ. ಮತ್ತೆ ಬ್ಯಾಚಿಗೆ ಸೇರಿದರೆ ಶೇ 30 ರಿಯಾಯಿತಿ ಎಂದು ಮಾತ್ರ ವಾಟ್ಸ್‌ಆ್ಯಪ್ ಬಂತು.

ಬೇರೆ ಬೇರೆ ಪರೀಕ್ಷೆಗಳ ಅಂಕಗಳನ್ನು ಹೋಲಿಸುವ ಕೋಷ್ಟಕಗಳಲ್ಲೂ ಒಂದು ಸೂಕ್ಷ್ಮವಿದೆ. ಇಟಿಎಸ್ ಬಹುಕಾಲ ಬಳಸಿದ ಕೋಷ್ಟಕದ ಪ್ರಕಾರ ಐಇಎಲ್‌ಟಿಎಸ್ 6.5 ಅಂದರೆ ಟೋಫೆಲ್‌ನಲ್ಲಿ 79ರಿಂದ 93. ಅಂತರ ನೋಡಿ. ಒಂದು ವಿಶ್ವವಿದ್ಯಾಲಯ ‘ಐಇಎಲ್‌ಟಿಎಸ್ 6.5 ಅಥವಾ ಟೋಫೆಲ್ 90’ ಎಂದು ಕೇಳಿದರೆ ಐಇಎಲ್‌ಟಿಎಸ್ ಬರೆಯುವವನಿಗೆ ಲಾಭ. ಪಕ್ಕದ ವಿಶ್ವವಿದ್ಯಾಲಯ ‘6.5 ಅಥವಾ 80’ ಎಂದರೆ ಟೋಫೆಲ್ ಬರೆಯುವವಳಿಗೆ ಲಾಭ. ಪರೀಕ್ಷೆ ಸುಲಭವೋ ಕಷ್ಟವೋ ಎನ್ನುವುದಕ್ಕಿಂತ ನಿಮ್ಮ ಕೋರ್ಸು ಅದಕ್ಕೆ ಎಷ್ಟು ಕೇಳಿದೆ ಎನ್ನುವುದು ದೊಡ್ಡದು.

ಅಮೆರಿಕದಲ್ಲಿ ವಿದ್ಯಾರ್ಥಿ ವೀಸಾಕ್ಕೆ ಇಂತಿಷ್ಟು ಸ್ಕೋರು ಎಂದು ಸರ್ಕಾರ ಗೊತ್ತುಮಾಡಿಲ್ಲ. ವಿಶ್ವವಿದ್ಯಾಲಯ ಒಪ್ಪಿದರೆ ಸಾಕು. ಆಮೇಲೆ ದೂತಾವಾಸದ ಕಿಟಕಿಯಲ್ಲಿ ಎರಡು ಮೂರು ನಿಮಿಷದ ಸಂದರ್ಶನವೇ ನಿಜವಾದ ಇಂಗ್ಲಿಷ್ ಪರೀಕ್ಷೆ. ಆದ್ದರಿಂದಲೇ ಡ್ಯುಯೊಲಿಂಗೊ ಅಲ್ಲಿ ಹೆಚ್ಚು ನಡೆಯುತ್ತದೆ. ಸುಮಾರು 70 ಡಾಲರ್, ಒಂದು ಗಂಟೆ, ಎರಡು ದಿನದಲ್ಲಿ ಫಲಿತಾಂಶ, ಎಷ್ಟು ವಿಶ್ವವಿದ್ಯಾಲಯಗಳಿಗೆ ಕಳಿಸಿದರೂ ಬೇರೆ ಶುಲ್ಕವಿಲ್ಲ. ಮನೆಯಲ್ಲೇ ಬರೆಯಬಹುದು. ಮನೆಯಲ್ಲೇ ಎನ್ನುವುದೇ ನಮ್ಮೂರುಗಳ ಮಟ್ಟಿಗೆ ಸಮಸ್ಯೆ. ಪರೀಕ್ಷೆಯ ನಡುವೆ ಬೇರೆಯವರು ಕೋಣೆಗೆ ಬರುವಂತಿಲ್ಲ, ಕಣ್ಣು ಪರದೆ ಬಿಟ್ಟು ಅತ್ತಿತ್ತ ಹೋಗುವಂತಿಲ್ಲ, ನೆಟ್ ಕಡಿಯುವಂತಿಲ್ಲ. ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೆಂದು ಮೋಟರ್ ಪಕ್ಕ ಮಲಗುವ ಮನೆ ನಮ್ಮದು. ಅಜ್ಜಿ ‘ಚಾ ಕುಡಿ ಬಾ’ ಎಂದು ಒಳಗೆ ಬಂದರೆ ಸ್ಕೋರೇ ರದ್ದಾಗಬಹುದು. ಗೆಳತಿಯೊಬ್ಬಳು ಹುಬ್ಬಳ್ಳಿಯಲ್ಲಿ ಲಾಡ್ಜ್ ರೂಮ್ ಹಿಡಿದು ಬರೆದಳು.

ಜರ್ಮನಿಯ ಕಡೆ ನೋಡುತ್ತಿರುವ ನನ್ನ ಸಹಪಾಠಿಗಳದು ಬೇರೆ ಲೆಕ್ಕ. ಅಲ್ಲಿ ಇಂಗ್ಲಿಷ್‌ನಲ್ಲೇ ಕಲಿಸುವ ಸ್ನಾತಕೋತ್ತರ ಕೋರ್ಸುಗಳಿವೆ, ಕೆಲವು ಕಡೆ ‘ಪದವಿಯನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದಾರೆ’ ಎಂಬ ಕಾಲೇಜಿನ ಪತ್ರವೇ ಸಾಕು. ಆದರೆ 2022ರ ನವೆಂಬರ್‌ನಿಂದ ಭಾರತೀಯ ವಿದ್ಯಾರ್ಥಿಗಳಿಗೆ ಎಪಿಎಸ್ ಪ್ರಮಾಣಪತ್ರ ಕಡ್ಡಾಯವಾಗಿದೆ. ಇನ್ನು ಅಲ್ಲಿ ಕೆಲಸ ಸಿಗಬೇಕಾದರೆ ಜರ್ಮನ್ ಬೇಕೇ ಬೇಕು. ಐಇಎಲ್‌ಟಿಎಸ್‌ನಲ್ಲಿ 7ರಿಂದ 7.5ಕ್ಕೆ ಏರಲು ಮತ್ತೆ ಮತ್ತೆ ಶುಲ್ಕ ಸುರಿಯುವುದಕ್ಕಿಂತ ಅದೇ ದುಡ್ಡನ್ನು ಬೆಂಗಳೂರಿನ ಮ್ಯಾಕ್ಸ್‌ಮುಲ್ಲರ್ ಭವನದ ಜರ್ಮನ್ ತರಗತಿಗೆ ಹಾಕುವುದು ಜಾಣತನ ಎಂದು ನನಗನ್ನಿಸುತ್ತದೆ. ನರ್ಸಿಂಗ್ ಓದಿದವರಿಗೆ ಓಇಟಿ ಎಂಬ ಪ್ರತ್ಯೇಕ ಪರೀಕ್ಷೆ ಇದೆ. ಆಸ್ಪತ್ರೆಯ ಭಾಷೆಯಲ್ಲೇ ಇರುವುದರಿಂದ ಅವರಿಗೆ ಅದು ಹೆಚ್ಚು ಹೊಂದಬಹುದು. ನನಗೆ ಗೊತ್ತಿರುವುದು ಅಷ್ಟೇ ಅಲ್ಲದಿದ್ದರೂ ಅದು ಬೇರೆಯೇ ಲೇಖನದ ವಿಷಯ.

ನಗರದ ಬಸ್ ನಿಲ್ದಾಣಗಳ ಹತ್ತಿರ ‘ಐಇಎಲ್‌ಟಿಎಸ್ ಇಲ್ಲದೆ ವಿದೇಶ’ ಎಂಬ ಫ್ಲೆಕ್ಸ್‌ಗಳನ್ನು ನೀವು ನೋಡಿರುತ್ತೀರಿ. ಅದು ಪೂರ್ತಿ ಸುಳ್ಳಲ್ಲ. ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳು ಹನ್ನೆರಡನೇ ತರಗತಿಯ ಇಂಗ್ಲಿಷ್ ಅಂಕವನ್ನೇ ಒಪ್ಪುತ್ತವೆ. ಇದರಲ್ಲಿ ನಮಗೆ ಚುಚ್ಚುವ ಒಂದು ಅಂಶವಿದೆ. ಸಿಬಿಎಸ್‌ಇ, ಐಎಸ್‌ಸಿಯವರಿಗೆ 70 ಸಾಕು ಎನ್ನುವ ಕಡೆ ರಾಜ್ಯ ಮಂಡಳಿಗಳವರಿಗೆ 75 ಅಥವಾ 80 ಕೇಳುವುದುಂಟು. ದ್ವಿತೀಯ ಪಿಯುಸಿಯಲ್ಲಿ ನನಗೆ ಇಂಗ್ಲಿಷ್‌ನಲ್ಲಿ 78 ಬಂದಿತ್ತು. ನಾನು ಹಂಬಲಿಸಿದ್ದ ವಿಶ್ವವಿದ್ಯಾಲಯ ಕೇಳಿದ್ದು 80. ಅದೇ ಕೋರ್ಸು ಇರುವ ಇನ್ನೊಂದು ವಿಶ್ವವಿದ್ಯಾಲಯ 75 ಸಾಕೆಂದಿತ್ತು. ಅಲ್ಲಿಗೆ ಅರ್ಜಿ ಹಾಕಿದ್ದರೆ ಪರೀಕ್ಷೆಯೇ ಬೇಕಿರಲಿಲ್ಲ! ಇದು ನನಗೆ ತಿಳಿದದ್ದು ಕೋಚಿಂಗ್ ಶುಲ್ಕ 15 ಸಾವಿರ, ಪರೀಕ್ಷೆಯ ಶುಲ್ಕ 18 ಸಾವಿರ ಎರಡೂ ಖರ್ಚಾದ ಮೇಲೆ.

ಆದರೆ ವಿನಾಯಿತಿ ಸಿಕ್ಕಿತೆಂದು ಕಣ್ಣು ಮುಚ್ಚಿ ಹಾರುವಂತೆಯೂ ಇಲ್ಲ. ಫ್ಲೆಕ್ಸ್ ಹಾಕುವ ಏಜೆಂಟನಿಗೆ ಕಮಿಷನ್ ಬರುವುದು ತನ್ನ ಪಟ್ಟಿಯಲ್ಲಿರುವ ವಿಶ್ವವಿದ್ಯಾಲಯಗಳಿಂದ. ‘ಪರೀಕ್ಷೆ ಬೇಡ’ ಎನ್ನುವ ಆಸೆ ತೋರಿಸಿ, ಯಾರಿಗೂ ಬೇಡವಾದ ಕೋರ್ಸಿಗೆ ಸೇರಿಸುವುದು ಅವನಿಗೆ ಸುಲಭ. ಇನ್ನು ವಿದ್ಯಾರ್ಥಿವೇತನ ನೆಚ್ಚಿಕೊಂಡವರಿಗೆ ಇನ್ನೊಂದು ತೊಡಕು. ಪರಿಶಿಷ್ಟ ಜಾತಿಯವರೂ ಸೇರಿದಂತೆ ಕೆಲವು ಸಮುದಾಯಗಳಿಗೆ ಕೇಂದ್ರ ಸರ್ಕಾರ ನೀಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಷರತ್ತಿಲ್ಲದ ಪ್ರವೇಶಪತ್ರವನ್ನು ಕೇಳುತ್ತದೆ. ‘ಇಂಗ್ಲಿಷ್ ಸ್ಕೋರು ಕೊಟ್ಟರೆ ಸೀಟು’ ಎಂದು ಬರೆದ ಪತ್ರ ಷರತ್ತಿನ ಪತ್ರವಾಗುತ್ತದೆ. ಹಾಗಾಗಿ ಅಂಥವರು ಅರ್ಜಿಯ ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿಕೊಂಡು ಪರೀಕ್ಷೆಯ ದಿನಾಂಕ ಹಿಡಿಯಬೇಕು. ಸ್ಕೋರಿಗೆ ಎರಡೇ ವರ್ಷ ಆಯಸ್ಸು ಎಂಬುದೂ ನೆನಪಿರಲಿ. ಅಂತಿಮ ವರ್ಷದ ಎಂಜಿನಿಯರಿಂಗ್‌ನಲ್ಲೇ ಬರೆದಿಟ್ಟು, ಎರಡು ವರ್ಷ ಕೆಲಸ ಮಾಡಿ ಹೋಗೋಣವೆಂದವರ ಸ್ಕೋರು ಅರ್ಜಿ ಹಾಕುವ ಹೊತ್ತಿಗೆ ಕಾಗದದ ಚೂರು.

ಸಣ್ಣದೊಂದು ಮಾತು. ಇನಿಷಿಯಲ್ ಇಟ್ಟುಕೊಂಡ ನಮ್ಮ ಹೆಸರುಗಳು ಒಂದೊಂದು ದಾಖಲೆಯಲ್ಲಿ ಒಂದೊಂದು ಥರ ಇರುತ್ತವೆ. ಪರೀಕ್ಷೆಗೆ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಹೆಸರು ತುಂಬಬೇಕು, ಅಂದು ಮೂಲ ಪಾಸ್‌ಪೋರ್ಟನ್ನೇ ಒಯ್ಯಬೇಕು. ನನ್ನ ಜೊತೆ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಬಂದ ಹುಡುಗನೊಬ್ಬ ಜೆರಾಕ್ಸ್ ತಂದಿದ್ದ. ಅವನನ್ನು ಒಳಗೆ ಬಿಡಲಿಲ್ಲ.

ಕಳೆದ ತಿಂಗಳು ನಾನು ಏಳು ವಿಶ್ವವಿದ್ಯಾಲಯಗಳಿಗೆ ಇಮೇಲ್ ಬರೆದೆ. ಯಾವ ಪರೀಕ್ಷೆ ಒಪ್ಪುತ್ತೀರಿ, ವಿಭಾಗವಾರು ಕನಿಷ್ಠ ಎಷ್ಟು, ಕರ್ನಾಟಕ ಪಿಯುಸಿ ಅಂಕ ನಡೆಯುತ್ತದೆಯೇ, ಎಷ್ಟು ವರ್ಷ ಹಳೆಯದಿದ್ದರೆ ನಡೆಯುತ್ತದೆ, ಒಂದು ವಿಭಾಗ ಮಾತ್ರ ಮತ್ತೆ ಬರೆದರೆ ಒಪ್ಪುತ್ತೀರಾ. ಐದು ಪ್ರಶ್ನೆ, ಎಂಟು ಸಾಲು. ಐದು ಕಡೆಯಿಂದ ವಾರದೊಳಗೆ ಉತ್ತರ ಬಂತು. ಎರಡು ಕಡೆ ಪಿಯುಸಿ ಅಂಕವೇ ಸಾಕು ಎಂದಿದ್ದಾರೆ. ಅವುಗಳಲ್ಲಿ ಒಂದರ ಶುಲ್ಕ ನಮ್ಮ ಕೈಗೆ ಎಟುಕುವುದಿಲ್ಲ. ಇನ್ನೊಂದಕ್ಕೆ ಈ ವಾರ ಅರ್ಜಿ ಹಾಕಿದ್ದೇನೆ. ಅಪ್ಪನಿಗೆ ಹೇಳಿದೆ. ‘ಈ ಸಲ ಪರೀಕ್ಷಿ ಇಲ್ಲೇನು?’ ಎಂದು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರ ಅವತ್ತು ಬರದದ್ದು?’ ಅಂದ.